ಮುಕ್ಕಾಲು ತಾಸಿನ ಆರು ತಿಂಗಳು

"ಕೆಲಸಕ್ಕೆ ಬರೋರು ತಪ್ಪು ಮಾಡಬಾರದು ಅಂತ ನಾನು ಹೇಳ್ತಿಲ್ಲ ಮೇಡಂ. ತಪ್ಪು ಎಲ್ಲರೂ ಮಾಡ್ತಾರೆ. ಮಾಡಿದ ಮೇಲೆ ಬಂದು ಹೇಳ್ತಾರಾ, ಇಲ್ವಾ? ನನಗೆ ತಿಳೀಬೇಕಾಗಿರೋದು ಅಷ್ಟೇ," ಎಂದು ನಿರಂಜನ ಮೊದಲ ದಿನವೇ ಹೇಳಿದ್ದ.

ಆ ಒಂದು ಮಾತಿಗೆ ಮನಸೋತು ಸುನಂದಾ ಕೊಣ್ಣೂರ ಕೆಲಸಕ್ಕೆ ಸೇರಿದಳು. ಹುಬ್ಬಳ್ಳಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಹದಿನಾರು ವರ್ಷ ಪಾಠ ಹೇಳಿದವಳು, ಸಾವಿರಾರು ಪ್ರಶ್ನೆಪತ್ರಿಕೆ ತೆಗೆದವಳು ಆಕೆ. ಹುಡುಗರು ಹೇಗೆ ಉರು ಹೊಡೆಯುತ್ತಾರೆ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಗೆ ತೋರಿಸುತ್ತಾರೆ ಎಂಬುದೆಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತ. 'ತೂಬು' ಎಂಬ ಆ ಹೊಸ ಕಂಪನಿಗೆ ಬೇಕಾಗಿದ್ದದ್ದೂ ಅಂಥವರೇ. ಸಣ್ಣ ಊರುಗಳ ಕುಡಿಯುವ ನೀರಿನ ವಾಲ್ವುಗಳನ್ನು ಹುಬ್ಬಳ್ಳಿಯಲ್ಲಿ ಕೂತೇ ತೆರೆದು ಮುಚ್ಚುವ ತಂತ್ರಾಂಶ ಅವರದು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ಬೋಲ್ಟು ತಯಾರಿಸುವ ಕಾರ್ಖಾನೆಯೊಂದರ ಮೇಲಿನ ಅಂತಸ್ತಿನಲ್ಲಿ ಅವರ ಕಂಟ್ರೋಲ್ ರೂಮು. ಗೋಡೆ ತುಂಬ ಪರದೆ, ಪರದೆ ತುಂಬ ಊರುಗಳ ನಕಾಶೆ, ನಕಾಶೆಯ ಮೇಲೆ ನೀಲಿ ಗೆರೆಗಳು. ಇಲ್ಲಿ ಒಬ್ಬ ಗುಂಡಿ ಒತ್ತಿದರೆ ಅರವತ್ತು ಕಿಲೋಮೀಟರ್ ಆಚೆ ಒಂದು ಓಣಿಗೆ ನೀರು ಹರಿಯುತ್ತಿತ್ತು.

ಸುನಂದಾ ಬರುವ ಹೊತ್ತಿಗೆ ಅಲ್ಲಿ ಐದು ಸುತ್ತಿನ ಸಂದರ್ಶನ ನಡೆಯುತ್ತಿತ್ತು. ಮೊದಲ ಸುತ್ತಿನ ಪ್ರಶ್ನೆಗಳೆಲ್ಲ ಇಂಟರ್ನೆಟ್ಟಿನಲ್ಲಿ ಉತ್ತರದ ಸಮೇತ ಸಿಗುತ್ತಿದ್ದವು. ಮನೆಗೆ ಕೊಟ್ಟ ಕೆಲಸವನ್ನು ಯಂತ್ರವೇ ಬರೆದುಕೊಡುತ್ತಿತ್ತು. ಅವಳು ಅದನ್ನೆಲ್ಲ ಕಿತ್ತುಹಾಕಿದಳು. ಕೆಟ್ಟುನಿಂತ ನಿಜವಾದ ಪ್ರೋಗ್ರಾಮೊಂದನ್ನು ಮುಂದಿಟ್ಟು, "ಬರ್ರಿ, ಇಬ್ಬರೂ ಕೂಡಿ ರಿಪೇರಿ ಮಾಡೂಣು," ಎಂದು ಪಕ್ಕದಲ್ಲಿ ಕೂತು ನೋಡುವ ಪದ್ಧತಿ ತಂದಳು. ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ ಎಂದು ಗುರುತು ಹಾಕಿದಳು. ಎಲ್ಲರೂ ಮೆಚ್ಚಿದರು, ನಿರಂಜನನೊಬ್ಬನನ್ನು ಬಿಟ್ಟು.

ಮೈಸೂರಿನಿಂದ ಬಂದು ತೂಬು ಕಟ್ಟಿದ, ಮೂವತ್ತನಾಲ್ಕರ ಸಂಕೋಚದ ಮನುಷ್ಯ ಅವನು. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಅವರ ಭುಜದ ಆಚೆ ಎಲ್ಲೋ ನೋಡುತ್ತಿದ್ದ.

"ಇದು ಒಂದು ಗಂಟೆಯ ಮರ್ಯಾದೆ ಮೇಡಂ. ಒಂದು ಗಂಟೆ ಯಾರು ಬೇಕಾದರೂ ಒಳ್ಳೆಯವರಾಗಿರಬಹುದು. ಆರು ತಿಂಗಳಾದ ಮೇಲೆ ಅವರು ಹೇಗಿರ್ತಾರೆ ಅಂತ ಇವತ್ತೇ ಗೊತ್ತಾದರೆ?"

ಹಾಗೆಂದು ಒಂದು ದಿನ ಕಪಾಟಿನಿಂದ ಒಂದು ಟೋಪಿ ತೆಗೆದು ಮೇಜಿನ ಮೇಲಿಟ್ಟ. ಕ್ರಿಕೆಟ್ ಆಟಗಾರರ ಹೆಲ್ಮೆಟ್ಟಿನಂಥದು, ಒಳಗೆಲ್ಲ ಬೆಳ್ಳಿ ಬಣ್ಣದ ಚುಕ್ಕೆಗಳು. ಅದನ್ನು ತಾನೂ ಒಬ್ಬ ನರವಿಜ್ಞಾನಿ ಗೆಳೆಯನೂ ಸೇರಿ ಮಾಡಿದ್ದೆಂದ. ಕನಸಿನಲ್ಲಿ ನಾವು ಎರಡು ನಿಮಿಷದಲ್ಲಿ ಒಂದು ಮದುವೆ ಮುಗಿಸಿ ಬರುತ್ತೇವಲ್ಲ, ಅದೇ ತತ್ವ. ಟೋಪಿ ಮಿದುಳನ್ನು ಕನಸಿನ ಅಂಚಿಗೆ ಒಯ್ದು ಅರವತ್ತೋ ಎಪ್ಪತ್ತೋ ದೃಶ್ಯಗಳನ್ನು ಕೊಡುತ್ತದೆ. ನಡುವಿನ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮುಕ್ಕಾಲು ತಾಸಿನಲ್ಲಿ ಆರು ತಿಂಗಳ ನೌಕರಿ. ಎಚ್ಚರಾಗುವ ಮೊದಲು ನೆನಪು ಗಟ್ಟಿಯಾಗದಂತೆ ತಡೆದರಾಯಿತು, ಬೆಳಗಿನ ಕನಸು ಹಲ್ಲುಜ್ಜುವಷ್ಟರಲ್ಲಿ ಅಳಿಸಿಹೋಗುವಂತೆ ಎಲ್ಲ ಮರೆತುಹೋಗುತ್ತದೆ. ಅಭ್ಯರ್ಥಿ ಏನು ಮಾಡಿದ ಎಂಬುದು ಮಾತ್ರ ಇವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ.

"ದೃಶ್ಯಗಳನ್ನ ನೀವು ಬರೀಬೇಕು," ಎಂದ. "ಪ್ರಶ್ನೆಪತ್ರಿಕೆ ಅಂತ ತಿಳ್ಕೊಳ್ಳಿ."

ಸುನಂದಾ ಹಿಗ್ಗಿದಳು. ಇಂಥ ಪ್ರಶ್ನೆಪತ್ರಿಕೆ ತೆಗೆಯುವ ಭಾಗ್ಯ ಯಾವ ಮೇಷ್ಟರಿಗೆ ಸಿಕ್ಕಿತ್ತು? ಕಂಟ್ರೋಲ್ ರೂಮಿನ ದಿನಗಳನ್ನು ಒಂದೊಂದಾಗಿ ಕಟ್ಟಿದಳು. ದೂರದ ಊರಿನಲ್ಲಿ ವಾಲ್ವಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುವ ಒಬ್ಬ ಮನುಷ್ಯ ಬೇಕು ಎಂದಾಗ ನಿರಂಜನ ಹಳೆಯ ರೆಕಾರ್ಡಿಂಗುಗಳ ಕಟ್ಟನ್ನೇ ಕೊಟ್ಟ. ಫಕೀರಪ್ಪ ಎಂಬ ವಾಲ್ವಮನ್ ಒಬ್ಬನ ಎರಡು ವರ್ಷದ ಕರೆಗಳು. "ಈಗ ಕೆಲಸ ಬಿಟ್ಟಿದ್ದಾರೆ," ಎಂದ. ಮೂರು ವಾರ ಸುನಂದಾ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಂದೂ ಬಿಡದಂತೆ ಅವನ್ನೆಲ್ಲ ಕೇಳಿದಳು. "ಏನ್ ಸಾಹೇಬ್ರ, ನಾಷ್ಟಾ ಆತಿಲ್ಲ?" ಎಂದೇ ಅವನ ಪ್ರತಿ ಕರೆ ಶುರುವಾಗುತ್ತಿತ್ತು. ಮೊಳಕಾಲು ನೋವು, ಓಣಿಯ ಹೆಂಗಸರ ಜಗಳ, ಮಳೆಯ ಸುದ್ದಿ, ಎಲ್ಲ ಹೇಳುತ್ತಿದ್ದ. ಆ ದನಿಯಿಂದ ಟೋಪಿಯೊಳಗೆ ಒಬ್ಬ ಮನುಷ್ಯ ತಯಾರಾದ. ಮುಖವಿಲ್ಲ, ಫೋನಿನ ದನಿ ಮಾತ್ರ.

ಇನ್ನು ಬರೆಯಲು ಉಳಿದದ್ದು ಅಭ್ಯರ್ಥಿ ಮಾಡುವ ತಪ್ಪು. ಒಂದು ಊರಿಗೆ ಒಂದು ದಿನ ನೀರು ತಪ್ಪಿದಂತೆ ಬರೆಯೋಣ ಎಂದಳು ಸುನಂದಾ.

"ಸಣ್ಣ ತಪ್ಪನ್ನ ಎಲ್ಲರೂ ಒಪ್ಕೋತಾರೆ ಮೇಡಂ. ಬಾಯಿ ಕಟ್ಟಿಹೋಗುವಂಥದ್ದು ಬೇಕು." ಗೋಡೆಗೆ ಹೇಳುವಂತೆ ಹೇಳಿದ: "ಫಕೀರಪ್ಪ ನೆಲದ ಕೆಳಗಿನ ವಾಲ್ವ್ ಚೇಂಬರಿಗೆ ಇಳಿದಿರ್ತಾರೆ. ವಾಲ್ವ್ ಸಿದ್ಧ ಅಂತ ಪರದೆ ಮೇಲೆ ಹಸಿರು ಬರುತ್ತೆ. ಆದರೆ ಮೇಲೆ ಬಂದೆ ಅಂತ ಅವರು ಫೋನಿನಲ್ಲಿ ಹೇಳಿರಲ್ಲ. ಅಭ್ಯರ್ಥಿ ಕಾಯದೆ ನೀರು ಬಿಡ್ತಾನೆ. ಆಮೇಲೆ ಯಾರೂ ನೋಡ್ತಿಲ್ಲ. ದಾಖಲೆಯಲ್ಲಿ ಎರಡು ನಿಮಿಷ ಹಿಂದೆ ಮುಂದೆ ಮಾಡಿದರೆ ಸೆನ್ಸರ್ ಕೆಟ್ಟಿತ್ತು ಅಂತ ಆಗುತ್ತೆ."

"ಮನಷ್ಯಾ ಸಾಯ್ತಾನ್ರಿ ಸರ್?"

"ಅವರಿಗೆ ನೆನಪಿರಲ್ಲವಲ್ಲ ಮೇಡಂ."

ಸುನಂದಾ ಒಂದು ದಿನ ಯೋಚಿಸಿದಳು. ನೆನಪಿರದ ನೋವು ನೋವೇ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು, ಒಪ್ಪಿಕೊಂಡಳು. ತಪ್ಪೊಪ್ಪಿಕೊಂಡವರಿಗೆ ಆಮೇಲೆ ಏನು ಎಂಬ ಭಾಗವನ್ನು ನಿರಂಜನ ತಾನೇ ಮಾಡುತ್ತೇನೆಂದ. ಅವಳು ಅದನ್ನು ನೋಡಲೂ ಇಲ್ಲ.

ಮಕ್ಕಳಿಗೆ ಕೊಡುವ ಪತ್ರಿಕೆಯನ್ನು ಮೊದಲು ತಾನು ಬಿಡಿಸಿ ನೋಡುವುದು ಅವಳ ಹಳೆಯ ರೂಢಿ. ಹಾಗಾಗಿ ಮೊದಲ ಟೋಪಿ ಅವಳ ತಲೆಗೇ ಬಂತು. "ನನಗ ನಾನ ಟೋಪಿ ಹಾಕ್ಕೊಳ್ಳೂದು ಅಂದ್ರ ಇದು," ಎಂದು ನಗುತ್ತ ಕುರ್ಚಿಗೆ ಒರಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಬಾಯಿ ಒಣಗಿತ್ತು, ಕೈ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಮನಸ್ಸು ತೊಳೆದ ಪಾಟಿಯಂತೆ ಖಾಲಿ. ಪರದೆಯಲ್ಲಿ ಒಂದೇ ಪದ: 'ಹೇಳಿದರು.' ನಿರಂಜನ ಅದನ್ನೇ ದಿಟ್ಟಿಸುತ್ತಿದ್ದ. ಹಸಿದವನು ಬೇರೆಯವರ ಎಲೆ ನೋಡುವ ನೋಟ ಅದು ಎಂದು ಅವಳಿಗೆ ಅನಿಸಿತು.

ಅಂದು ಸಂಜೆ ಅಡಿಗೆಮನೆಯಲ್ಲಿ ಅಕ್ಕಿ ತೊಳೆಯಲು ನಳ ತಿರುಗಿಸುವ ಮುಂಚೆ ಅವಳ ಕೈ ತಡೆಯಿತು. "ಮ್ಯಾಲ ಬಂದಿಯೇನು?" ಎಂದು ಕೂಗಿದಳು.

ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ಗಂಡ ಗಿರಿಮಲ್ಲ ತಲೆಯೆತ್ತಿದ. "ಯಾರನ್ನ ಕರದೀ?"

"ಯಾರನ್ನೂ ಇಲ್ಲ."

"ಬಾಗಲಾ ಹಾಕೈತಿ, ಮನ್ಯಾಗ ನಾವಿಬ್ಬರ ಅದೀವಿ. ಯಾರು ಬರಬೇಕಿತ್ತು ಮ್ಯಾಲ?"

ಅವಳು ನಕ್ಕಳು. ನಗುತ್ತಿದ್ದಂತೆಯೇ ಕಣ್ಣಿಂದ ನೀರು ಹರಿಯತೊಡಗಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಈರುಳ್ಳಿ ಹೆಚ್ಚಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ಎದೆಯಲ್ಲಿ ಯಾರೋ ಕಲ್ಲು ಇಟ್ಟು ಮರೆತುಹೋದಂತಿತ್ತು.

ನಾಲ್ಕು ತಿಂಗಳಲ್ಲಿ ನಲವತ್ತಮೂರು ಜನ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಟೋಪಿ ಹಾಕಿಕೊಂಡರು. ಹದಿನೇಳು ಜನ ಹೇಳಿದರು, ಉಳಿದವರು ಮುಚ್ಚಿಟ್ಟರು. ಹೇಳಿದವರಲ್ಲಿ ಆರು ಮಂದಿಗೆ ಕೆಲಸ ಸಿಕ್ಕಿತು. ಅವರಷ್ಟು ಒಳ್ಳೆಯ ಕೆಲಸಗಾರರು ಕಂಪನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ಮೊದಲ ದಿನ ಕಾಲಿಟ್ಟವರು ಯಾರನ್ನೂ ಕೇಳದೆ ಸಕ್ಕರೆ ಡಬ್ಬಿ ಇರುವ ಕಡೆ ಕೈ ಹಾಕುತ್ತಿದ್ದರು. ತಬಸ್ಸುಮ್ ನದಾಫ ಎಂಬ ಹುಡುಗಿಯಂತೂ ಪ್ರತಿ ಸಲ ನೀರು ಬಿಡುವ ಮುಂಚೆ ಫೋನಿನಲ್ಲಿ ಮೂರು ಸಲ ಕೇಳುತ್ತಿದ್ದಳು: "ಅಣ್ಣಾ, ಮ್ಯಾಲ ಬಂದ್ರೇನು? ಬಂದ್ರೇನು? ಖರೇನ ಬಂದ್ರೇನು?" ಹಾಗೆ ಕೇಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಸುನಂದಾ ಎದುರಿಗೇ ಕೇಳಿದಾಗ ನಿರಂಜನ ಒಪ್ಪಿಕೊಂಡ. "ನಡೆದದ್ದರ ನೆನಪು ಒಂದು ಕಡೆ ಇರುತ್ತೆ ಮೇಡಂ, ಕೈಯ ಅಭ್ಯಾಸ ಇನ್ನೊಂದು ಕಡೆ. ನಾವು ತಡೆಯೋದು ಮೊದಲನೆಯದನ್ನ ಮಾತ್ರ. ಸೈಕಲ್ ಕಲಿತದ್ದು ಯಾವತ್ತು ಅಂತ ಮರೆತರೂ ಸೈಕಲ್ ಮರೆಯಲ್ಲವಲ್ಲ."

"ಮತ್ತ ಎದಿ ಮ್ಯಾಲಿನ ಭಾರ? ಅದು ಯಾವ ಕಡೆ ಇರ್ತೈತ್ರಿ?"

ಅವನು ಟೋಪಿಯೊಳಗಿನ ಚುಕ್ಕೆಗಳನ್ನು ಒರೆಸತೊಡಗಿದ.

ಆ ವಾರವೇ ಆಯ್ಕೆಯಾಗದ ಒಬ್ಬ ಗದಗಿನಿಂದ ಫೋನು ಮಾಡಿದ. "ಮೇಡಂ, ನೌಕರಿ ಕೇಳಾಕ ಮಾಡಿಲ್ರಿ. ನಾ ಅಲ್ಲಿ ಏನರ ಮಾಡಿದ್ನೇನ್ರಿ? ಹಿಂದಿನಿಂದ ಯಾರರ ನನ್ನ ಹೆಸರು ಹಿಡದು ಕರದ್ರ ಸಿಕ್ಕಿಬಿದ್ದಂಗ ಆಕ್ಕೈತ್ರಿ. ಏನು ಮಾಡೇನಿ ಅಂತ ಹೇಳಿಬಿಡ್ರಿ, ಸಾಕು."

ಸುನಂದಾ ನಿಯಮದಂತೆ, "ಪರೀಕ್ಷೆಯ ವಿವರ ಹೇಳೂ ಹಂಗಿಲ್ಲ," ಎಂದು ಫೋನಿಟ್ಟಳು.

ಮುಂದಿನ ಭಾನುವಾರ ಗಿರಿಮಲ್ಲನ ಸೋದರತ್ತೆಯ ಮೊಮ್ಮಗಳ ನಾಮಕರಣ ಇತ್ತು. ಊರು ಹೊಸಕೇರಿ, ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ಬಸ್ಸು. ಸುನಂದಾ ಆ ಊರನ್ನು ಎಂದೂ ಕಂಡಿರಲಿಲ್ಲ. ಬಸ್ಸಿನಿಂದ ಇಳಿದು ಗಿರಿಮಲ್ಲ ಎಡಕ್ಕೆ ಹೊರಟ. ಅವಳ ಕಾಲು ಬಲಕ್ಕೆ ತಿರುಗಿದವು.

"ಅತ್ತೀ ಮನಿ ಈ ಕಡೆ ಸುನಂದಾ."

"ನೀವು ನಡೀರಿ. ನಾ ಬಂದೆ."

ಹಿಟ್ಟಿನ ಗಿರಣಿ ದಾಟಿದಳು. ಅದರ ಆಚೆ ಹನುಮಪ್ಪನ ಕಟ್ಟೆ ಬರುತ್ತದೆ ಎಂದುಕೊಂಡಳು, ಬಂತು. ಕುಂಬಾರ ಓಣಿಯ ಕೊನೆಯಲ್ಲಿ ನೀಲಿ ಬಾಗಿಲಿನ ಮನೆ. ಮೂರು ಮೆಟ್ಟಿಲು. ಎರಡನೆಯದಕ್ಕೆ ಕಾಲಿಡಲಿಲ್ಲ, ದಾಟಿ ಮೇಲಿನದಕ್ಕೆ ಇಟ್ಟಳು. ಬಗ್ಗಿ ನೋಡಿದರೆ ಎರಡನೆಯ ಮೆಟ್ಟಿಲ ಕಲ್ಲು ಒಡೆದು ಅಲುಗಾಡುತ್ತಿತ್ತು. ಹಾಡುಹಗಲಲ್ಲಿ, ಮಕ್ಕಳು ಗೋಲಿ ಆಡುತ್ತಿದ್ದ ಆ ಓಣಿಯಲ್ಲಿ ಅವಳ ಬೆನ್ನು ತಣ್ಣಗಾಯಿತು.

ಒಳಗಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳೆಂದು ತೋರುತ್ತದೆ, ಕೈಗೆಲ್ಲ ಹೊಟ್ಟು. ಸುನಂದಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಅವಳಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

"ನೀವೂ ಆ ಪೈಕಿ ಏನ್ರೀ ಅಕ್ಕಾರ?"

"ಯಾ ಪೈಕಿ?"

"ಬರ್ತಾರ್ರಿ, ಒಬ್ಬೊಬ್ಬರ. ಗುರತಿಲ್ಲ, ಪರಿಚಯಿಲ್ಲ. ಬಂದು ಹಿಂಗ ನಿಂದರ್ತಾರ. ಯಾರು ಬೇಕಾಗಿತ್ರಿ ಅಂದ್ರ ಗೊತ್ತಿಲ್ಲ ಅಂತಾರ. ಒಬ್ಬಾಕಿ ಹುಡಗಿ ನನ್ನ ಕಾಲ ಹಿಡದು ಅತ್ತಳ್ರಿ. ಯಾಕವಾ ಅಂದ್ರ ಆಕೀಗೂ ತಿಳೀವಲ್ದು. ಓಣ್ಯಾಗಿನವರು ಗಾಳಿ ಸೋಕೇತಿ ಅಂತಾರ." ಸೆರಗಿನಿಂದ ಕೈ ಒರಸಿಕೊಂಡು ಕಟ್ಟೆ ತೋರಿಸಿದಳು. "ಕುಂದರ್ರಿ. ನೀರು ಕುಡೀರಿ ಮೊದಲ."

ಸುನಂದಾ ಕೂರಲಿಲ್ಲ. ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಮುಖ ಅವಳಿಗೆ ಗುರುತಿರಲಿಲ್ಲ.

"ಅವರು?"

"ನಮ್ಮನಿಯವರು. ಫಕೀರಪ್ಪ ಅಂತ. ವಾಲ್ವಮನ್ ಇದ್ರು. ಎರಡ ವರ್ಷಾತು. ಕೆಳಗ ಇಳಿದಾಗ ನೀರು ಬಂತು. ಅದೇನೋ ಮಷೀನ್ ಕೆಟ್ಟಿತ್ತಂತರಿ."

ಹೆಂಗಸಿನ ಹೆಸರು ಯಲ್ಲವ್ವ. ಅವಳು ಕೊಟ್ಟ ನೀರನ್ನು ಸುನಂದಾ ಕುಡಿದಳೋ ಇಲ್ಲವೋ ಆಮೇಲೆ ನೆನಪಾಗಲಿಲ್ಲ. ನಾಮಕರಣಕ್ಕೆ ಹೋದಳು, ತೊಟ್ಟಿಲು ತೂಗಿದಳು, ಸಿಹಿ ತಿಂದಳು. ಅದೆಲ್ಲ ಬೇರೆ ಯಾರೋ ಮಾಡಿದಂತಿತ್ತು.

ಸೋಮವಾರ ಬೆಳಿಗ್ಗೆ ಪರೀಕ್ಷೆಯ ಕೋಣೆಯಲ್ಲಿ ನಿರಂಜನ ಒಬ್ಬನೇ ಇದ್ದ. ಟೋಪಿ ಅವನ ತೊಡೆಯ ಮೇಲಿತ್ತು. ಸುನಂದಾ ಬಾಗಿಲು ಹಾಕಿ ನಿಂತಳು.

"ಹೊಸಕೇರಿಗೆ ಹೋಗಿದ್ದೆ. ಕುಂಬಾರ ಓಣಿಗೆ."

ಅವನು ತಲೆಯೆತ್ತಲಿಲ್ಲ. ಎಷ್ಟೋ ದಿನದಿಂದ ಕಾಯುತ್ತಿದ್ದ ಬಸ್ಸು ಬಂದಂತೆ ಒಂದು ಉಸಿರು ಬಿಟ್ಟ.

"ಗುಂಡಿ ಒತ್ತಿದವರು ಯಾರ್ರಿ ಸರ್? ಆವತ್ತು?"

"ನಾನೇ."

ತಪ್ಪೊಪ್ಪಿಕೊಂಡವರ ಭಾಗಕ್ಕೆ ಹಾಕಿದ ಆ ಓಣಿಯ ಚಿತ್ರಗಳನ್ನೂ ತಾನೇ ತೆಗೆದದ್ದೆಂದ. ಐದು ಸಲ ಹೋಗಿದ್ದನಂತೆ. ಹೇಳಿಬಿಡಬೇಕೆಂದೇ ಪ್ರತಿ ಸಲ ಹೋಗಿ, ಓಣಿಯ ತಿರುವಿನಲ್ಲಿ ಮೊಬೈಲ್ ಹಿಡಿದು ನಿಂತು, ವಾಪಸು ಬಂದಿದ್ದ. ಆಮೇಲೆ ಟೋಪಿ ಮಾಡಿದ. ಕಂಪ್ಯೂಟರ್ ತೆರೆದು ಅವಳ ಕಡೆ ತಿರುಗಿಸಿದ. ಅಭ್ಯರ್ಥಿ ಸಂಖ್ಯೆ ಸೊನ್ನೆ. ಕೆಳಗೆ ಹತ್ತೊಂಬತ್ತು ಸಾಲು. ಪ್ರತಿ ಸಾಲಿನ ಎದುರೂ ಒಂದೇ ಮಾತು: 'ಮುಚ್ಚಿಟ್ಟರು.'

"ಕನಸಿನಲ್ಲಿ ಸತ್ತವರು ಬಂದರೆ, ಅವರು ಸತ್ತಿದ್ದಾರೆ ಅಂತ ನಮಗೆ ನೆನಪಾಗಲ್ಲ, ಅಲ್ವಾ? ಹಾಗೇ ಒಳಗೆ ಹೋದ ನನಗೆ ಏನೂ ಗೊತ್ತಿರಲ್ಲ ಮೇಡಂ. ಪ್ರತಿ ಸಲ ಹೊಸಬ. ಪ್ರತಿ ಸಲ ಹೊಸದಾಗಿ ಕೊಲ್ತೀನಿ. ನೀವು ಬರೋ ಮೊದಲೇ, ನಾನೇ ಕಟ್ಟಿದ ದೃಶ್ಯಗಳಲ್ಲಿ, ಈ ಸಲವಾದರೂ ಹೇಳ್ತೀನೇನೋ ಅಂತ ಕೂತೆ. ಹತ್ತೊಂಬತ್ತು ಸಲ." ಅವನ ದನಿಯಲ್ಲಿ ಅಳು ಇರಲಿಲ್ಲ, ಅದು ಇನ್ನೂ ಭಯ ಹುಟ್ಟಿಸಿತು. "ಬೇರೆಯವರಾದರೂ ಹೇಳ್ತಾರಾ ನೋಡಬೇಕಿತ್ತು. ಯಾರೂ ಹೇಳದಿದ್ದರೆ ನಾನೂ ಎಲ್ಲರಂಥವನೇ ಅಂತ ಇದ್ದುಬಿಡಬಹುದಿತ್ತು. ನೀವು ಮೊದಲನೇ ಸಲಕ್ಕೇ ಹೇಳಿಬಿಟ್ರಿ."

ಸುನಂದಾಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ನೆನಪಿರದ ನೋವು ನೋವಲ್ಲ ಎಂದು ಒಪ್ಪಿದವಳು ಅವಳೇ. ನಲವತ್ತಮೂರು ಮಂದಿಯ ಎದೆಗೆ ಬೇರೊಬ್ಬನ ಕೊಲೆಯನ್ನು ದಾಟಿಸಿದ ಪ್ರಶ್ನೆಪತ್ರಿಕೆ ಅವಳ ಕೈಬರಹದ್ದು.

"ಒಳಗ ಹೋದ ಮನಷ್ಯಾಗ ಏನೂ ಗೊತ್ತಿರೂದಿಲ್ಲ ಅಂದ್ರಿ," ಎಂದಳು. "ನಿಮಗ ಗೊತ್ತೈತಿ. ಅವನ್ನ ಯಾಕ ಕಳಸ್ತೀರಿ? ನೀವ ಬರ್ರಿ."

ಟೋಪಿಯನ್ನು ಅವನ ತೊಡೆಯಿಂದ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅವನು ಮಗುವಿನಂತೆ ಹಿಂದೆ ಬಂದ. ಬಸ್ಸು ಹಿಡಿದು ಹೊಸಕೇರಿಯಲ್ಲಿ ಇಳಿದರು. ಹಿಟ್ಟಿನ ಗಿರಣಿಯ ಹತ್ತಿರ ಅವನ ಕಾಲು ಒಮ್ಮೆ ನಿಂತವು, ಓಣಿಯ ತಿರುವಿನಲ್ಲಿ ಇನ್ನೊಮ್ಮೆ ನಿಂತವು. ಸುನಂದಾ ಅವನನ್ನು ಕೈ ಹಿಡಿದು ಎಳೆಯಲಿಲ್ಲ, ಕಾದಳು. ಕೊನೆಗೆ ಅವನೇ ನಡೆದ. ಮೆಟ್ಟಿಲು ಅವನಿಗೆ ಗೊತ್ತಿರಲಿಲ್ಲ. ಒಡೆದ ಕಲ್ಲಿನ ಮೇಲೆ ಕಾಲಿಟ್ಟು ಮುಗ್ಗರಿಸಿ, ಬಾಗಿಲಿನ ಚೌಕಟ್ಟು ಹಿಡಿದು ನಿಂತ.

ಯಲ್ಲವ್ವ ಹೊರಗೆ ಬಂದು ಅದೇ ಸಮಾಧಾನದಲ್ಲಿ, "ಕುಂದರ್ರಿ ತಮ್ಮಾ, ನೀರು ತರ್ತೀನಿ," ಎಂದಳು.

"ಬೇಡಮ್ಮ. ನೀರು ಬೇಡ. ಆವತ್ತು ಮೆಷೀನ್ ಕೆಟ್ಟಿರಲಿಲ್ಲ. ನಾನು ಕಾಯಲಿಲ್ಲ. ಮೇಲೆ ಬಂದ್ರಾ ಅಂತ ಕೇಳಲಿಲ್ಲ. ಆಮೇಲೆ ದಾಖಲೆ ತಿದ್ದಿದೆ."

ಓಣಿಯಲ್ಲಿ ಯಾರದೋ ಮನೆಯ ಕುಕ್ಕರು ಎರಡು ಸಲ ಸೀಟಿ ಹಾಕಿತು. ಯಲ್ಲವ್ವ ಬಹಳ ಮೆಲ್ಲಗೆ ಕೇಳಿದಳು: "ಎಷ್ಟು ಹೊತ್ತು ಕಾಯಬೇಕಿತ್ತು?"

"ಒಂದು ನಿಮಿಷ. ಒಂದೂವರೆ."

"ಒಂದೂವರಿ ನಿಮಿಷ," ಎಂದಳು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ದಿನ ಮತ್ತೆ ತೆರೆಯಲಿಲ್ಲ.

ಅಲ್ಲಿಂದ ನಿರಂಜನ ನೇರ ಪೊಲೀಸ್ ಠಾಣೆಗೆ ಹೋದ. ಕೇಸು ನಡೆಯಿತು, ತೂಬು ಮುಚ್ಚಿತು, ಆ ಊರುಗಳ ವಾಲ್ವುಗಳು ಮತ್ತೆ ಮನುಷ್ಯರ ಕೈಗೆ ಹೋದವು. ಸುನಂದಾಳೂ ಹೇಳಿಕೆ ಕೊಟ್ಟಳು, ತಾನು ಬರೆದದ್ದನ್ನೆಲ್ಲ ಒಪ್ಪಿಸಿದಳು. ಆಮೇಲೆ ಪಟ್ಟಿ ಹಿಡಿದು ನಲವತ್ತಮೂರು ಜನರಿಗೂ ತಾನೇ ಫೋನು ಮಾಡಿ, ಒಳಗೆ ನಡೆದದ್ದೇನು ಎಂದು ಹೇಳಿ ಕ್ಷಮೆ ಕೇಳಿದಳು. ಗದಗಿನವನು ಪೂರ್ತಿ ಕೇಳಿ, "ಅಂದ್ರ ನಾ ಮುಚ್ಚಿಟ್ಟೆ," ಎಂದಷ್ಟೇ ಹೇಳಿ ಫೋನಿಟ್ಟ. ಅವನಿಗೆ ಏನು ಹೇಳಿದ್ದರೆ ಸರಿಹೋಗುತ್ತಿತ್ತು ಎಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ತಬಸ್ಸುಮ್ ಮಾತ್ರ ಫೋನಿನಲ್ಲಿ ಕೇಳಿದ್ದನ್ನು ನಂಬಲಿಲ್ಲ. "ನಾನಲ್ಲ ಅಂತ ಯಲ್ಲವ್ವಾರ ಬಾಯಿಲೆ ಕೇಳಬೇಕ್ರಿ ಮೇಡಂ," ಎಂದು ಹಟ ಹಿಡಿದಳು. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಸುನಂದಾ ಅವಳನ್ನು ಕುಂಬಾರ ಓಣಿಗೆ ಕರೆದೊಯ್ದಳು. ಯಲ್ಲವ್ವ ಈ ಸಲ ಇಬ್ಬರನ್ನೂ ಒಳಗೇ ಕರೆದಳು. ಒಲೆಯ ಮುಂದೆ ಪುಂಡಿಪಲ್ಯದ ಸೊಪ್ಪು ಸೋಸುತ್ತ, "ನೀ ಅಲ್ಲವಾ ಮಗಳ. ಮಾಡಿದಾವ ಬಂದು ಹೇಳಿ ಹ್ವಾದ. ನೀ ಆರಾಮಿರು," ಎಂದಳು. ತಬಸ್ಸುಮ್ ತಲೆಯಾಡಿಸಿದಳು, ಕಣ್ಣೊರಸಿಕೊಂಡಳು. ಎದೆಯ ಮೇಲಿನ ಭಾರ ಇಳಿಯಿತೆಂದೇ ಸುನಂದಾ ತಿಳಿದಳು.

ಯಲ್ಲವ್ವ ಉಪ್ಪಿನ ಭರಣಿಗೆ ಕೈ ಹಾಕಿದಳು.

"ಕೆಂಪೀ, ಉಪ್ಪು ಕಡಿಮಿ ಹಾಕು," ಎಂದಳು ತಬಸ್ಸುಮ್.

ಹೇಳಿದವಳೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಯಲ್ಲವ್ವನ ಕೈ ಭರಣಿಯಲ್ಲೇ ನಿಂತಿತು. ಸುನಂದಾ ಎರಡು ವರ್ಷದ ಕರೆಗಳನ್ನು ಒಂದೂ ಬಿಡದೆ ಕೇಳಿದವಳು. ಕೆಂಪಿ ಎಂಬ ಹೆಸರು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ.

"ಆ ಹೆಸರು ನಿನಗ ಯಾರು ಹೇಳಿದ್ರು?" ಎಂದಳು ಯಲ್ಲವ್ವ.

"ಗೊತ್ತಿಲ್ರಿ ಅವ್ವಾರ. ನಾಲಿಗಿ ಮ್ಯಾಲ ತಾನ ಬಂತು."

"ಈ ಮನ್ಯಾಗ, ನಾವಿಬ್ಬರ ಇದ್ದಾಗಷ್ಟ ನನ್ನ ಕರೀತಿದ್ದ ಹಂಗ, ನಮ್ಮ ಮನಿಯಾಂವ." ಯಲ್ಲವ್ವ ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತಲ ಬಾವಿಗೆ ಬಗ್ಗಿ ನೋಡುವವಳಂತೆ ಅವಳ ಕಣ್ಣೊಳಗೆ ನೋಡಿದಳು. ಸುನಂದಾ ಎದ್ದು ತಬಸ್ಸುಮ್‌ಳನ್ನು ಹೊರಗೆ ಕರೆದುಕೊಂಡು ಹೋಗಬೇಕೆಂದುಕೊಂಡಳು, ಆದರೆ ಏಳಲಾಗಲಿಲ್ಲ.

ಯಲ್ಲವ್ವ ಮಣೆ ಎಳೆದು ಹುಡುಗಿಯ ಎದುರಿಗೆ ಕೂತಳು. ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ.

"ಮತ್ತೇನಂತಿದ್ದ? ಹೇಳವಾ. ಮತ್ತೇನೇನಂತಿದ್ದ?"